ಮಾದಿಹಳ್ಳಿ ಪಂಪ್‌ಹೌಸಿನ ಹಸಿರು ಚಕ್ರ

2006ರಲ್ಲಿ ನಾನು ಹಾಸನದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಇಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಕೇಳಲು ಚೆನ್ನಾಗಿದೆ, ಕೆಲಸ ಮಾತ್ರ ಇಷ್ಟೇ: ಬೇರೆ ಯಾರೋ ಬರೆದ ಪ್ರೋಗ್ರಾಂ ಕೆಟ್ಟಾಗ ಬಸ್ಸು ಹತ್ತಿ ಹೋಗಿ, ಅವರ ಪರವಾಗಿ ಬೈಸಿಕೊಂಡು, ಸರಿ ಮಾಡಿ ವಾಪಸ್ ಬರುವುದು. ಹಾಗೆ ಹೋದ ನೂರಾರು ಊರುಗಳಲ್ಲಿ ನಾನು ಇವತ್ತಿಗೂ ಮರೆಯದಿರುವುದು ಮಾದಿಹಳ್ಳಿಯನ್ನು.

ಬೇಲೂರು ಕಡೆಯಿಂದ ಅರಸೀಕೆರೆಗೆ ಕುಡಿಯುವ ನೀರು ಸಾಗಿಸುವ ಕೆಲಸವನ್ನು ಒಬ್ಬ ಗುತ್ತಿಗೆದಾರರು ನೋಡಿಕೊಳ್ಳುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಮಾದಿಹಳ್ಳಿಯ ಹತ್ತಿರ ಪಂಪ್‌ಹೌಸ್, ಹಳೇಬೀಡು ದಾಟಿದ ಮೇಲೆ ಒಂದು ಸಂಪ್, ಅಂದರೆ ನೆಲದೊಳಗಿನ ದೊಡ್ಡ ತೊಟ್ಟಿ. ಅಲ್ಲಿಂದ ಮುಂದೆ ಅರಸೀಕೆರೆ. ಎಲ್ಲವನ್ನೂ ಒಂದೇ ಕಡೆ ನೋಡಲಿ ಎಂದು ನಮ್ಮ ಕಂಪನಿ ಅವರಿಗೊಂದು ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿತ್ತು. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಒಂದು ಪುಟ ಅದು. ತೊಟ್ಟಿಯಲ್ಲಿ ಎಷ್ಟು ನೀರಿದೆ, ಪೈಪಿನಲ್ಲಿ ಎಷ್ಟು ಒತ್ತಡವಿದೆ ಎಂಬ ಅಂಕಿಗಳು ಅದರಲ್ಲಿ ಕಾಣುತ್ತಿದ್ದವು. ಮೋಟಾರ್ ಓಡುತ್ತಿದ್ದರೆ ಒಂದು ಹಸಿರು ಚಕ್ರ ತಿರುಗುತ್ತಿತ್ತು, ನಿಂತಿದ್ದರೆ ಅದೇ ಚಕ್ರ ಕೆಂಪಾಗಿ ಸುಮ್ಮನಿರುತ್ತಿತ್ತು. ಮೂಲೆಯಲ್ಲಿ ಒಂದು ಗಡಿಯಾರ. ಸಂಪ್ ಒಳಗೆ ಜನ ಇಳಿದಾಗ ಅರಸೀಕೆರೆ ಆಫೀಸಿನವರು ಒಂದು ಬಟನ್ ಒತ್ತಿದರೆ, ‘ಒಳಗೆ ಜನ ಇದ್ದಾರೆ, ಮೋಟಾರ್ ಹಾಕಬೇಡಿ’ ಎಂಬ ಕೆಂಪು ಪಟ್ಟಿ ಎಲ್ಲ ಸ್ಕ್ರೀನ್‌ಗಳ ನೆತ್ತಿಯ ಮೇಲೆ ಬರುತ್ತಿತ್ತು. ಅದಕ್ಕೆ ಮುಂಚೆ ಇದನ್ನೆಲ್ಲ ಫೋನ್‌ನಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಫೋನ್ ಯಾಕೆ ಎಂದು ಅದನ್ನು ಬಿಟ್ಟಿದ್ದರು.

ಒಂದು ದಿನ ಬೆಳಗ್ಗೆ ಆ ಸಂಪ್‌ನಲ್ಲಿ ಹೂಳು ತೆಗೆಯಲು ಇಬ್ಬರು ಇಳಿದರು. ಅರಸೀಕೆರೆ ಆಫೀಸಿನ ಶೇಖರಪ್ಪ ಕೆಂಪು ಪಟ್ಟಿಯ ಬಟನ್ ಒತ್ತಿದರು. ಸಂಪ್‌ಗೆ ನೀರು ಬೀಳುವ ಕಡೆಯ ವಾಲ್ವ್ ತುಕ್ಕು ಹಿಡಿದು, ಮುಚ್ಚಲು ಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮೋಟಾರ್ ನಿಂತಿದ್ದರೆ ಸಾಕಲ್ಲ ಎಂದು ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು. ಸ್ವಲ್ಪ ಹೊತ್ತಿಗೆ ಮಾದಿಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂತು. ನಮ್ಮ ಕಡೆ ಗೊತ್ತಲ್ಲ, ಲೈಟಿಗೆ ಸಿಂಗಲ್ ಫೇಸ್ ಇದ್ದರೂ ಮೋಟಾರಿಗೆ ಬೇಕಾದ ತ್ರೀ ಫೇಸ್ ಬರುವುದು ಅದರ ಹೊತ್ತಿಗೆ ಮಾತ್ರ. ಬಂದ ತಕ್ಷಣ ಪಂಪ್ ಆಪರೇಟರ್ ಪುಟ್ಟಸ್ವಾಮಿ ಮೋಟಾರ್ ಹಾಕಿದ.

ಅರಸೀಕೆರೆಯ ಸ್ಕ್ರೀನ್‌ನಲ್ಲಿ ಮೇಲೆ ಕೆಂಪು ಪಟ್ಟಿ ಇರುವಾಗಲೇ ಕೆಳಗೆ ಚಕ್ರ ಹಸಿರಾಗಿ ತಿರುಗತೊಡಗಿತು. ಶೇಖರಪ್ಪ ಫೋನ್ ಹಿಡಿದರು.

“ಏನ್ಲಾ ಪುಟ್ಟಸ್ವಾಮಿ, ಯಾಕ್ಲಾ ಹಾಕ್ದೆ? ಒಳಗೆ ಜನ ಅವ್ರೆ.”

“ಎಲ್ಲಣ್ಣ ಐತೆ ಪಟ್ಟಿ? ಇಲ್ಲಿ ಏನೂ ಬಂದಿಲ್ವಲ್ಲ.”

“ಆಫ್ ಮಾಡು ಮೊದ್ಲು, ಆಮೇಲೆ ಮಾತಾಡು.”

ಆಫ್ ಮಾಡುವಷ್ಟರಲ್ಲಿ ನೀರು ಒಳಗೆ ನುಗ್ಗಿಯಾಗಿತ್ತು. ಹನುಮಯ್ಯ ಎಂಬ ಹಿರಿಯ ಕೆಲಸಗಾರ ಏಣಿಯ ಹತ್ತಿರವೇ ಇದ್ದವನು ಹೇಗೋ ಮೇಲೆ ಬಂದ. ಅವನ ಜೊತೆಗಿದ್ದ ಲೋಕೇಶನನ್ನು ನೀರು ಎತ್ತಿ ಗೋಡೆಗೆ ಬಡಿಯಿತು. ಹಗ್ಗ ಬಿಟ್ಟು ಎಳೆದುಕೊಂಡರು. ತೊಡೆಯ ಮೂಳೆ ಮುರಿದಿತ್ತು, ಉಸಿರಿತ್ತು. ಇನ್ನೊಂದಿಷ್ಟು ಹೊತ್ತು ಮೋಟಾರ್ ಓಡಿದ್ದರೆ ಅದೂ ಇರುತ್ತಿರಲಿಲ್ಲ.

ಗುತ್ತಿಗೆದಾರರ ಸೂಪರ್‌ವೈಸರ್ ನಾಗೇಂದ್ರ ಆಗ ಹಳೇಬೀಡಿನಲ್ಲೇ ಇದ್ದರು. ಬೈಕ್ ಹತ್ತಿ ನೇರ ಮಾದಿಹಳ್ಳಿ ಪಂಪ್‌ಹೌಸಿಗೆ ಹೋದರು. ಪುಟ್ಟಸ್ವಾಮಿ ಸ್ಕ್ರೀನ್ ತೋರಿಸಿದ. ನಾಗೇಂದ್ರ ಸರಿಯಾಗಿ ನೋಡೋಣ ಎಂದು ಬ್ರೌಸರ್ ಮುಚ್ಚಿ ಮತ್ತೆ ತೆರೆದರು. ನೆತ್ತಿಯ ಮೇಲೆ ಕೆಂಪು ಪಟ್ಟಿ ಸ್ಪಷ್ಟವಾಗಿ ಹೊಳೆಯುತ್ತಿತ್ತು.

“ಇದೇನಯ್ಯಾ ಮತ್ತೆ?” ಎಂದರು.

ಅವತ್ತೇ ಪುಟ್ಟಸ್ವಾಮಿಯನ್ನು ಕೆಲಸದಿಂದ ಹೊರಗಿಟ್ಟರು. ಸಾಫ್ಟ್‌ವೇರ್ ಕಂಪನಿಯವರು ಬಂದು ನೋಡಿ ‘ಕಂಪ್ಯೂಟರ್ ಸರಿ ಇದೆ’ ಎಂದು ರಿಪೋರ್ಟ್ ಕೊಟ್ಟ ಕೂಡಲೇ ಪೊಲೀಸ್ ಕಂಪ್ಲೇಂಟ್ ಕೊಡುವುದು ಎಂದು ತೀರ್ಮಾನವಾಯಿತು. ಆ ರಿಪೋರ್ಟ್ ಬರೆಯಲು ಕಳಿಸಿದ್ದು ನನ್ನನ್ನು.

ನಾನು ಮಾದಿಹಳ್ಳಿಯಲ್ಲಿ ಇಳಿದಾಗ ಪಂಪ್‌ಹೌಸಿನಲ್ಲಿ ತಿಮ್ಮೇಗೌಡರು ಎಂಬ ಇನ್ನೊಬ್ಬ ಆಪರೇಟರ್ ಇದ್ದರು. ನಿವೃತ್ತಿಗೆ ಹತ್ತಿರದ ಮನುಷ್ಯ. ಮಾನಿಟರ್ ಹಣೆಗೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಒಣಗಿ ಅರ್ಧ ಉದುರಿತ್ತು. ನಾನು ಕೂತು ಬ್ರೌಸರ್ ತೆರೆದು ಪರೀಕ್ಷೆ ಮಾಡಿದೆ. ಅರಸೀಕೆರೆಗೆ ಫೋನ್ ಮಾಡಿ ಬಟನ್ ಒತ್ತಿಸಿದೆ, ಪಟ್ಟಿ ಬಂತು. ತೆಗೆಸಿದೆ, ಹೋಯಿತು. ಮತ್ತೆ ಒತ್ತಿಸಿದೆ, ಬಂತು. ಸಂಜೆ ಕಂಪ್ಯೂಟರ್ ಬಂದ್ ಮಾಡಿ ಹಾಸನದ ಬಸ್ಸು ಹತ್ತಿದೆ. ಮಾರನೆಯ ದಿನ ಬಂದು ಅದನ್ನೇ ಮಾಡಿದೆ. ಎಲ್ಲ ಸರಿ ಇತ್ತು.

ಎಲ್ಲ ಸರಿ ಇದೆ ಎಂದು ಬರೆದು ಕೊಡಬಹುದಿತ್ತು. ಆದರೆ ಆ ಮನುಷ್ಯನ ಮುಖ ನೋಡದೆ ಅವನ ಮೇಲೆ ಬರೆಯುವುದು ಹೇಗೆ ಎಂದು ಮಾದಿಹಳ್ಳಿಯ ಒಳಗೇ ಇದ್ದ ಅವನ ಮನೆಗೆ ಹೋದೆ. ಅವನ ಹೆಂಡತಿ ಭಾಗ್ಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ನಾನು ಯಾರೆಂದು ಹೇಳಿದ್ದೇ ಮೊರ ನಿಂತಿತು.

“ನಿಮ್ಮ ಡಬ್ಬ ಹೇಳಿದ್ದು ನಿಜ, ನನ್ ಗಂಡ ಹೇಳಿದ್ದು ಸುಳ್ಳು. ಅದನ್ನ ಬರ್ಯಕ್ಕೆ ಇಷ್ಟು ದೂರ ಯಾಕ್ ಬಂದ್ರಿ ಮೇಡಮ್ಮೋರೆ? ಹಾಸನದಲ್ಲೇ ಬರ್ಕಬೋದಿತ್ತಲ್ಲ.”

ಪುಟ್ಟಸ್ವಾಮಿ ಒಳಗಿಂದ ಬಂದು ಕಂಬಕ್ಕೆ ಒರಗಿ ನಿಂತ. ನಲವತ್ತರ ಆಸುಪಾಸಿನವನು. ನಾನು ಏನು ಕೇಳಿದರೂ “ಇರ್ಲಿಲ್ಲ ಮೇಡಂ, ಪಟ್ಟಿ ಇರ್ಲಿಲ್ಲ” ಎಂದಷ್ಟೇ ಹೇಳುತ್ತಿದ್ದ. ಹೊರಡುವಾಗ ಸುಮ್ಮನೆ ಇನ್ನೊಂದು ಪ್ರಶ್ನೆ ಹಾಕಿದೆ: ಅವತ್ತು ಬೆಳಗ್ಗೆ ಸ್ಕ್ರೀನ್‌ನಲ್ಲಿ ಬೇರೆ ಏನಾದರೂ ವಿಚಿತ್ರ ಕಂಡಿತಾ?

“ವಿಚಿತ್ರ ಅಂದ್ರೆ... ತೊಟ್ಟಿ ನೀರು ಹಿಂದಿನ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಯಾರೂ ನೀರೇ ಬಿಟ್ಕೊಂಡಿಲ್ವೇನೋ ಅಂದ್ಕೊಂಡೆ. ಗಡಿಯಾರ ಓಡ್ತಿತ್ತು ಮೇಡಂ. ಗಡಿಯಾರ ಓಡ್ತೈತೆ ಅಂದ್ರೆ ಕಂಪ್ಯೂಟರ್ ಸರ್ಯಾಗೈತೆ ಅಂತಾನೆ ಅಲ್ವಾ?”

ಒಂದಿಡೀ ದಿನ ತೊಟ್ಟಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಬಸ್‌ಸ್ಟಾಪಿನವರೆಗೂ ಅದೇ ಮಾತು ತಲೆಯಲ್ಲಿ ಸುತ್ತಿತು. ಇವನು ಸುಳ್ಳು ಹೇಳುವುದಾದರೆ ಪಟ್ಟಿ ಇರಲಿಲ್ಲ ಎಂಬ ಒಂದು ಸುಳ್ಳು ಸಾಕು. ನೀರಿನ ಮಟ್ಟದ ಸುಳ್ಳು ಇವನಿಗೆ ಯಾಕೆ ಬೇಕು?

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅರ್ಧಕ್ಕೆ ನಿಂತ ಹೂಳಿನ ಕೆಲಸವನ್ನು ಮುಂದಿನ ಶನಿವಾರ ಮುಗಿಸಬೇಕಂತೆ. ಅದೇ ಸಂಪ್, ಅದೇ ವಾಲ್ವ್, ಅದೇ ಕೆಂಪು ಪಟ್ಟಿ. ಆಪರೇಟರ್ ಮಾತ್ರ ಬೇರೆ. ತಪ್ಪು ಪುಟ್ಟಸ್ವಾಮಿಯದಲ್ಲದಿದ್ದರೆ ಆ ತಪ್ಪು ಇನ್ನೂ ಪಂಪ್‌ಹೌಸಿನಲ್ಲೇ ಕೂತು ಶನಿವಾರಕ್ಕೆ ಕಾಯುತ್ತಿದೆ ಎಂದಾಯಿತು.

ಮಾರನೆಯ ದಿನ ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ನಾನು ಅಲ್ಲಿದ್ದೆ. ಹೊಸಬ ಬಂದ, ತಿಮ್ಮೇಗೌಡರು ಎದ್ದರು. ಬಂದವನು ಮೋಟಾರಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ, ಶಬ್ದ ಕೇಳಿಸಿಕೊಂಡ, ಸ್ಕ್ರೀನ್ ಕಡೆ ಒಮ್ಮೆ ಕಣ್ಣು ಹಾಯಿಸಿ ಕುರ್ಚಿಯಲ್ಲಿ ಕೂತ. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ.

“ಗೌಡ್ರೆ, ಶಿಫ್ಟ್ ಬದಲಾದಾಗ ಕಂಪ್ಯೂಟರ್ ಬಂದ್ ಮಾಡಿ ಹಾಕಲ್ವಾ?” ಎಂದೆ.

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ನಾನು ಉರಿಯುವ ಒಲೆಯ ಮೇಲಿನ ಅನ್ನದ ಪಾತ್ರೆ ಇಳಿಸಲು ಹೇಳಿದ ಹಾಗೆ.

“ಓಡೋದನ್ನ ಕೈ ಬದ್ಲಾಯಿಸ್ವಾಗ ನಿಲ್ಲಿಸಬಾರ್ದು ಕಣವ್ವ. ಪಂಪ್‌ಹೌಸಲ್ಲಿ ನಾವು ಕಲ್ತಿದ್ದೇ ಅದು. ಒಬ್ಬ ನಿಲ್ಲಿಸಿ ಹೋಗಿ ಇನ್ನೊಬ್ಬ ಹಾಕಿ, ಮಧ್ಯದಲ್ಲಿ ಏನಾರ ಕೆಟ್ರೆ ಯಾರ್ ತಲೆಗೆ? ನೀವ್ ಬಂದಾಗಿಂದ ದಿನಾ ಸಂಜೆ ಆಫ್ ಮಾಡಿ ಹೋಯ್ತಿದ್ದೀರಿ, ಪಾಪ ಓದಿದೋರು ಅಂತ ಸುಮ್ನಿದ್ದೀವಿ. ನೀವು ಬರೋಕ್ ಮುಂಚೆ ಈ ಡಬ್ಬ ನಿಂತಿದ್ದೇ ನಾನ್ ಕಾಣೆ. ವಾರಗಟ್ಲೆ ಓಡೋದು.”

ಈ ಪುಟವನ್ನು ಬರೆದ ಹುಡುಗರು ಬೆಳಗ್ಗೆ ಬಂದು ಕಂಪ್ಯೂಟರ್ ಹಾಕಿ ಸಂಜೆ ಬಂದ್ ಮಾಡಿ ಮನೆಗೆ ಹೋಗುವವರು. ಅದನ್ನು ಪರೀಕ್ಷೆ ಮಾಡಿದವರೂ ಅಂಥವರೇ. ಅರಸೀಕೆರೆಯದು ಆಫೀಸು, ಅಲ್ಲಿ ಕೂಡ ಸಂಜೆ ಬೀಗ. ಒಂದು ಪುಟವನ್ನು ವಾರಗಟ್ಟಲೆ ಮುಚ್ಚದೆ ಓಡಿಸುವ ಜನ ಇಡೀ ಯೋಜನೆಯಲ್ಲಿ ಈ ಪಂಪ್‌ಹೌಸಿನವರು ಮಾತ್ರ. ನಾಗೇಂದ್ರ ಬಂದರು, ಮುಚ್ಚಿ ತೆರೆದರು. ನಾನು ಬಂದೆ, ಮುಚ್ಚಿ ತೆರೆದೆ. ಹೊರಗಿನಿಂದ ತನಿಖೆಗೆ ಬರುವವರ ಮೊದಲ ಕೆಲಸವೇ ಸಾಕ್ಷಿಯನ್ನು ಒರೆಸಿಹಾಕುವುದು.

“ಗೌಡ್ರೆ, ಇವತ್ತಿಂದ ಇದನ್ನ ಯಾರೂ ಮುಟ್ಟಬಾರದು. ನಾನೂ ಮುಟ್ಟಲ್ಲ” ಎಂದೆ.

“ನಾವ್ ಯಾವತ್ ಮುಟ್ಟಿದ್ವಿ?” ಎಂದು ಅವರು ಎಲೆ ಅಡಿಕೆ ಚೀಲ ಬಿಚ್ಚಿದರು.

ಮಾರನೆಯ ದಿನದಿಂದ ನಾನು ಹೋಗಿ ಸುಮ್ಮನೆ ಕೂರತೊಡಗಿದೆ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಎಂಬ ಸಣ್ಣ ಕಿಟಕಿಯನ್ನು ಮೂಲೆಯಲ್ಲಿ ತೆರೆದಿಟ್ಟಿದ್ದೆ. ಬ್ರೌಸರ್ ಎದುರಿನ ಅಂಕಿ ಏರುತ್ತಲೇ ಇತ್ತು, ಒಮ್ಮೆಯೂ ಇಳಿಯಲಿಲ್ಲ. ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಪುಟ ಐದು ಸೆಕೆಂಡಿಗೊಮ್ಮೆ ಸರ್ವರ್‌ನಿಂದ ಹೊಸ ಅಂಕಿ ತರಿಸಿ, ಹಳೆಯ ಸಾಲುಗಳನ್ನು ತೆಗೆದು ಹೊಸ ಸಾಲುಗಳನ್ನು ಬರೆಯುತ್ತಿತ್ತು. ತೆಗೆದ ಸಾಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಪ್ರೋಗ್ರಾಮಿನ ಒಂದು ಎಳೆ ಅದನ್ನು ಹಿಡಿದುಕೊಂಡೇ ಇರುತ್ತದೆ. ಆ ಕಾಲದ ಬ್ರೌಸರ್‌ಗೆ ಅಂಥ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಪ್ರತಿ ಕಾಫಿಗೂ ಹೊಸ ಲೋಟ ತೆಗೆದು, ಕುಡಿದ ಲೋಟವನ್ನು ತೊಳೆಯಲು ಕೊಡದೆ ಮೇಜಿನ ಕೆಳಗೆ ಇಡುತ್ತಾ ಹೋದರೆ ಏನಾಗುತ್ತದೆ? ಸಂಜೆ ಬಾಗಿಲು ಹಾಕಿ ಎಲ್ಲ ಗುಡಿಸುವ ಹೋಟೆಲಿಗೆ ತೊಂದರೆ ಗೊತ್ತೇ ಆಗುವುದಿಲ್ಲ. ಬಾಗಿಲೇ ಹಾಕದ ಹೋಟೆಲಿನಲ್ಲಿ ಒಂದು ದಿನ ಕಾಲಿಡಲು ಜಾಗ ಇರುವುದಿಲ್ಲ. ಇದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ.

ಜಾಗ ಮುಗಿದಾಗ ಕಂಪ್ಯೂಟರ್ ಒದ್ದಾಡಬೇಕು, ಪುಟ ನಿಲ್ಲಬೇಕು, ಏನಾದರೂ ಕಿರುಚಬೇಕು. ಹಾಗಾದರೆ ಪುಟ್ಟಸ್ವಾಮಿಗೆ ಯಾಕೆ ಗೊತ್ತಾಗಲಿಲ್ಲ? ಅದೊಂದೇ ನನಗೆ ಹೊಳೆಯದೆ ಉಳಿದಿತ್ತು. ಶನಿವಾರ ಹತ್ತಿರ ಬರುತ್ತಿತ್ತು.

ಗುರುವಾರ ಬೆಳಗ್ಗೆ. ಮೋಟಾರ್ ಗುಂಯ್ ಎನ್ನುತ್ತಿತ್ತು. ದಿನವಿಡೀ ಅದೇ ಶಬ್ದ ಕೇಳಿ ಕೇಳಿ ಅದು ಶಬ್ದವೆಂದೇ ಅನ್ನಿಸುತ್ತಿರಲಿಲ್ಲ. ತಿಮ್ಮೇಗೌಡರು ತಮ್ಮ ಎಮ್ಮೆಯ ಕೆಚ್ಚಲಿನ ಬಾವಿನ ಕಥೆ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅವರು ಮಾತು ನಿಲ್ಲಿಸಿದರು. ಮೋಟಾರಿನ ಶಬ್ದ ಇಳಿಯುತ್ತಾ ಇಳಿಯುತ್ತಾ ಹೋಗಿ ಪೂರ್ತಿ ನಿಂತಿತು. ಹೊರಗೆ ಯಾರದೋ ಗದ್ದೆಯಲ್ಲಿ ಕೊಕ್ಕರೆ ಕೂಗಿದ್ದು ಕೇಳಿಸಿತು.

“ತ್ರೀ ಫೇಸ್ ಹೋಯ್ತು” ಎಂದರು.

ನಾನು ಸ್ಕ್ರೀನ್ ಕಡೆ ತಿರುಗಿದೆ. ಹಸಿರು ಚಕ್ರ ತಿರುಗುತ್ತಿತ್ತು.

ಐದು ಸೆಕೆಂಡ್ ಕಾದೆ. ಇನ್ನೂ ಐದು. ಮೂಲೆಯ ಗಡಿಯಾರ ಒಂದೊಂದೇ ಸೆಕೆಂಡ್ ಸರಿಯಾಗಿ ಮುಂದೆ ಹೋಗುತ್ತಿತ್ತು. ಒತ್ತಡದ ಅಂಕಿ ತುಂಬು ಪೈಪಿನ ಅಂಕಿಯಾಗಿಯೇ ಇತ್ತು. ಚಕ್ರ ನಗುನಗುತ್ತಾ ತಿರುಗುತ್ತಿತ್ತು. ನಮ್ಮ ಬೆನ್ನ ಹಿಂದೆ ಅಷ್ಟು ದೊಡ್ಡ ಮೋಟಾರ್ ಹೆಣದ ಹಾಗೆ ಬಿದ್ದಿತ್ತು.

ತಿಮ್ಮೇಗೌಡರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. “ಇದೇನವ್ವ ಇದು, ದೆವ್ವ ಕೂತಂಗೈತಲ್ಲ” ಎಂದರು, ಬಹಳ ಮೆಲ್ಲಗೆ.

ನಾನು ಆಗ ಹಾಸನಕ್ಕೆ ಫೋನ್ ಮಾಡಿ, ಹೊಸ ಅಂಕಿ ತರಿಸುವ ಕಡೆ ಪ್ರೋಗ್ರಾಂನಲ್ಲಿ ಏನು ಬರೆದಿದೆ ಎಂದು ಓದಿಸಿದೆ. ಅಂಕಿ ತರಿಸುವಾಗ ತಪ್ಪಾದರೆ ಬಳಕೆದಾರರಿಗೆ ಕಿರಿಕಿರಿಯಾಗದಂತೆ ಆ ತಪ್ಪನ್ನು ನುಂಗಿ ಸುಮ್ಮನಿರು ಎಂದು ಬರೆದಿತ್ತು. ಮೆಮೊರಿ ಮುಗಿದ ಮೇಲೆ ಹೊಸ ಅಂಕಿ ತರಿಸಲು ಜಾಗವಿಲ್ಲ. ಪ್ರತಿ ಸಲ ತಪ್ಪಾಗುತ್ತದೆ, ಪ್ರತಿ ಸಲ ಅದನ್ನು ನುಂಗುತ್ತದೆ. ಹಳೆಯ ಅಂಕಿ ಹಾಗೇ ನಿಲ್ಲುತ್ತದೆ. ಗಡಿಯಾರಕ್ಕೂ ಚಕ್ರಕ್ಕೂ ಹೊಸ ಜಾಗ ಬೇಡ, ಅವು ತಿರುಗುತ್ತಲೇ ಇರುತ್ತವೆ. ಪುಟ್ಟಸ್ವಾಮಿ ಅವತ್ತು ನೋಡಿದ್ದು ಹಿಂದಿನ ದಿನ ಮೋಟಾರ್ ನಿಂತಿದ್ದ ಹೊತ್ತಿನ ಚಿತ್ರ. ಹಿಂದಿನ ದಿನ ಸಂಪ್‌ನಲ್ಲಿ ಯಾರೂ ಇರಲಿಲ್ಲ.

ನಮ್ಮ ಸಾಹೇಬರಿಗೂ ಹೇಳಿದೆ.

“ಹೀಗ್ ಬರೀರಿ. ಆಪರೇಟರ್ ದಿನಾ ಬ್ರೌಸರ್ ಮುಚ್ಚಿ ತೆಗೀಬೇಕಿತ್ತು, ತೆಗೀಲಿಲ್ಲ.”

“ತೆಗೀಬೇಕು ಅಂತ ಅವರಿಗೆ ಯಾರು ಹೇಳಿದ್ರು ಸಾರ್?”

“ಹೇಳ್ದೆ ಇದ್ರೂ ಗೊತ್ತಿರ್ಬೇಕಮ್ಮ. ಕಾಮನ್ ಸೆನ್ಸ್. ನೀವು ಅಲ್ಲಿಂದ ಹೊರಡಿ, ಉಳಿದಿದ್ದು ಇಲ್ಲಿ ಮಾತಾಡೋಣ.”

ನಾನು ಫೋನ್ ಇಟ್ಟು ನಾಗೇಂದ್ರರಿಗೆ ಮಾಡಿದೆ. ತಕ್ಷಣ ಬನ್ನಿ, ಬಂದ ಮೇಲೆ ಏನನ್ನೂ ಮುಟ್ಟಬೇಡಿ ಎಂದೆ. ಅವರು ಬರುವವರೆಗೆ ನನ್ನ ಭಯ ಒಂದೇ: ಸಿಂಗಲ್ ಫೇಸ್ ಕೂಡ ಹೋಗಿ ಕಂಪ್ಯೂಟರ್ ನಿಂತುಬಿಟ್ಟರೆ? ಅಲ್ಲಿದ್ದ ಯುಪಿಎಸ್ ಹೆಸರಿಗಷ್ಟೇ ಇತ್ತು. ಪುಟ್ಟಸ್ವಾಮಿಯ ಪರವಾದ ಸಾಕ್ಷಿ ಎಂದು ಪ್ರಪಂಚದಲ್ಲಿ ಇದ್ದದ್ದು ಆ ಒಂದು ಚಕ್ರ. ಮೇಲೆ ಬಲ್ಬ್ ಒಮ್ಮೆ ಮಂಕಾಯಿತು. ತಿಮ್ಮೇಗೌಡರು ತಲೆ ಎತ್ತಿ ಅದನ್ನೇ ನೋಡುತ್ತಾ “ಹೋಗ್ಬ್ಯಾಡ ಕಣಪ್ಪ, ಒಸಿ ತಡ್ಕೊ” ಎಂದರು. ಬಲ್ಬ್ ತಡೆದುಕೊಂಡಿತು.

ನಾಗೇಂದ್ರ ಬಂದು ಮೋಟಾರ್ ನೋಡಿದರು, ಸ್ಕ್ರೀನ್ ನೋಡಿದರು. ಅಭ್ಯಾಸ ಬಲದಿಂದ ಕೈ ಮೌಸ್ ಕಡೆ ಹೋಯಿತು.

“ಮುಟ್ಟಬೇಡಿ ಸಾರ್. ಅವತ್ತೂ ಮುಟ್ಟಿದ್ರಿ” ಎಂದೆ.

ಅವರ ಕೈ ಅಲ್ಲೇ ನಿಂತಿತು. ನಾನು ಅರಸೀಕೆರೆಗೆ ಫೋನ್ ಮಾಡಿ ಶೇಖರಪ್ಪನವರಿಗೆ ಕೆಂಪು ಪಟ್ಟಿ ಹಾಕಲು ಹೇಳಿದೆ. ಅಲ್ಲಿ ಪಟ್ಟಿ ಬಂತು, ಚಕ್ರ ಕೆಂಪಾಗಿದೆ ಎಂದರು. ಇಲ್ಲಿ ಪಟ್ಟಿ ಇಲ್ಲ, ಚಕ್ರ ಹಸಿರು.

“ನಾನು ಕಣ್ಣಾರೆ ನೋಡ್ದೆ ಅಂತ ಎಲ್ಲರ ಮುಂದೆ ಹೇಳಿದ್ದೆ ಮೇಡಂ” ಎಂದರು ನಾಗೇಂದ್ರ.

ನಾನು ನೋಡಿದ್ದನ್ನು ನೋಡಿದ ಹಾಗೇ ರಿಪೋರ್ಟ್‌ನಲ್ಲಿ ಬರೆದು, ನಾಗೇಂದ್ರರ ಸಹಿಯನ್ನೂ ಹಾಕಿಸಿದೆ. ನಮ್ಮ ಸಾಹೇಬರು ನನ್ನ ಹತ್ತಿರ ಸರಿಯಾಗಿ ಮಾತಾಡಲು ತಿಂಗಳುಗಳೇ ಹಿಡಿದವು. ಆದರೆ ಪ್ರೋಗ್ರಾಂ ಬರೆದ ಹುಡುಗರು ಆ ಗಂಟು ಬಿಚ್ಚಿ, ಲೀಕ್ ಮುಚ್ಚಿ ಶುಕ್ರವಾರವೇ ಕಳಿಸಿದರು. ಪೊಲೀಸ್ ಕಂಪ್ಲೇಂಟ್ ಕೈಬಿಟ್ಟರು. ಪುಟ್ಟಸ್ವಾಮಿಗೆ ಕೆಲಸ ಮಾತ್ರ ವಾಪಸ್ ಸಿಗಲಿಲ್ಲ. ಮೇಲಿನವರು ಕೂತು ತೀರ್ಮಾನಿಸಬೇಕು, ನೋಡೋಣ ಎಂಬ ಮಾತು.

ಶನಿವಾರ ನಾನು ಸಂಪ್ ಹತ್ತಿರ ಇದ್ದೆ. ಎಲ್ಲ ಸ್ಕ್ರೀನ್‌ಗಳಲ್ಲೂ ಕೆಂಪು ಪಟ್ಟಿ ಬಂದಿದೆ ಎಂದು ಫೋನ್‌ನಲ್ಲೂ ಕೇಳಿ ಖಚಿತಪಡಿಸಿಕೊಂಡಿದ್ದೆ. ಹನುಮಯ್ಯ ಏಣಿಯ ಹತ್ತಿರ ಬಂದು ಕೂತವನು ಇಳಿಯಲಿಲ್ಲ.

“ಪುಟ್ಟಸ್ವಾಮಿನ ಕರ್ಸಿ. ಅವ್ನು ಪಂಪ್‌ಹೌಸಲ್ಲಿದ್ರೆ ಇಳೀತೀನಿ.”

“ಅವನೇ ಅಲ್ವೇನಯ್ಯ ಅವತ್ತು ಮೋಟಾರ್ ಹಾಕಿದ್ದು?” ಎಂದರು ನಾಗೇಂದ್ರ.

“ಊಂ ಕಣ್ರೀ. ಅದಕ್ಕೇ. ಇವತ್ತು ಈ ಜಿಲ್ಲೇಲಿ ಮೋಟಾರ್ ಹಾಕಕ್ಕೆ ಹೆದರೋನು ಅಂದ್ರೆ ಅವನೊಬ್ನೇ.”

ಹನುಮಯ್ಯನ ಜೊತೆ ಇಳಿಯಬೇಕಿದ್ದವನೂ ಏಣಿಯಿಂದ ದೂರ ಹೋಗಿ ಬೀಡಿ ಹಚ್ಚಿದ. ಅರಸೀಕೆರೆಯಿಂದ ನೀರಿಗಾಗಿ ಫೋನ್ ಮೇಲೆ ಫೋನ್ ಬರುತ್ತಿತ್ತು. ನಾಗೇಂದ್ರ ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ, ಬೈಕ್ ಹತ್ತಿ ತಾವೇ ಮಾದಿಹಳ್ಳಿಗೆ ಹೋದರು.

ಪುಟ್ಟಸ್ವಾಮಿ ಬಂದ. ಆದರೆ ಪಂಪ್‌ಹೌಸಿನಲ್ಲಿ ಕೂರದೆ ನೇರ ಸಂಪ್ ಹತ್ತಿರವೇ, ನಾಗೇಂದ್ರರ ಬೈಕಿನ ಹಿಂದೆ ಕೂತು. ಮಡಿಲಲ್ಲಿ ಟವೆಲ್ಲಿನ ಗಂಟು. ಬಿಚ್ಚಿದರೆ ಮೋಟಾರಿನ ಮೂರು ಫೇಸಿನ ಮೂರು ಫ್ಯೂಸ್, ಪಿಂಗಾಣಿಯವು. ಬೋರ್ಡಿನಿಂದ ಕಿತ್ತುಕೊಂಡೇ ಬಂದಿದ್ದ.

“ಸ್ಕ್ರೀನ್ ಸರಿ ಮಾಡಿದ್ದೀವಿ ಪುಟ್ಟಸ್ವಾಮಿ” ಎಂದೆ.

“ಮಾಡಿರ್ತೀರ ಮೇಡಂ. ನನ್ ಕೈ ಮೇಲೆ ನಂಗೇ ನಂಬ್ಕೆ ಹೋಗೈತೆ. ಇವು ಇಲ್ಲಿದ್ರೆ ಅಲ್ಲಿ ಯಾರ್ ಏನ್ ಒತ್ತಿದ್ರೂ ತಿರುಗಲ್ಲ.”

ಸಂಪ್ ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಫ್ಯೂಸ್‌ಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹನುಮಯ್ಯ ಅವನ ಭುಜ ಹಿಡಿದುಕೊಂಡು ಏಣಿಗೆ ಕಾಲಿಟ್ಟ. ಕೆಲಸ ಮುಗಿದು ಇಬ್ಬರೂ ಮೇಲೆ ಬಂದು ಕೆಸರು ತೊಳೆದುಕೊಳ್ಳುವವರೆಗೆ ಪುಟ್ಟಸ್ವಾಮಿ ನೀರು ಕೊಟ್ಟರೂ ಕುಡಿಯಲಿಲ್ಲ, ಅಲ್ಲಿಂದ ಏಳಲಿಲ್ಲ. ಸೋಮವಾರದಿಂದ ಅವನನ್ನು ಮತ್ತೆ ಕೆಲಸಕ್ಕೆ ಕರೆದರು. ಲೋಕೇಶ ಮಾತ್ರ ಸಂಪ್‌ಗೆ ಇಳಿಯುವ ಕೆಲಸಕ್ಕೆ ವಾಪಸ್ ಬರಲಿಲ್ಲ. ಅವನ ಕಾಲಿನ ಕುಂಟು ಹಾಗೇ ಉಳಿಯಿತು.

ಆಮೇಲೆ ನಾನು ಎಷ್ಟೋ ಡ್ಯಾಶ್‌ಬೋರ್ಡ್‌ಗಳನ್ನು ಮಾಡಿಸಿದ್ದೇನೆ, ಕೆಲವನ್ನು ನಾನೇ ಬರೆದಿದ್ದೇನೆ. ಹುಡುಗರು ಬಣ್ಣ, ಚಿತ್ರ, ಗ್ರಾಫ್ ತೋರಿಸಲು ಬರುತ್ತಾರೆ. ನಾನು ಮೊದಲು ನೆಟ್‌ವರ್ಕ್ ತಂತಿ ಕೀಳುತ್ತೇನೆ. ಕಿತ್ತ ಮೇಲೂ ಅಂಕಿಗಳು ಸ್ಕ್ರೀನ್‌ನಲ್ಲಿ ಗಟ್ಟಿಯಾಗಿ ಕೂತಿದ್ದರೆ ವಾಪಸ್ ಕಳಿಸುತ್ತೇನೆ. ಸುದ್ದಿ ಬರುವುದು ನಿಂತರೆ ಸ್ಕ್ರೀನ್ ಖಾಲಿಯಾಗಬೇಕು, ‘ನನಗೆ ಗೊತ್ತಿಲ್ಲ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಳ್ಳಬೇಕು. ಕೆಟ್ಟು ನಿಂತ ಯಂತ್ರದಿಂದ ನಾನು ಯಾರಿಗೂ ಪ್ರಾಣಾಪಾಯವಾಗಿದ್ದು ನೋಡಿಲ್ಲ, ಅದರ ಹತ್ತಿರ ಜನ ತಾವಾಗಿಯೇ ಹುಷಾರಾಗುತ್ತಾರೆ. ಕೆಟ್ಟ ಮೇಲೂ ಸರಿ ಇದ್ದಂತೆ ತಿರುಗುವುದರ ಹತ್ತಿರ ಯಾರೂ ಹುಷಾರಾಗುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದನ್ನು ಕಲಿಸಲು ಅದು ಒಬ್ಬನ ಕಾಲು ತೆಗೆದುಕೊಂಡಿತು.